ಗ್ರೀಸಿನ ಅಡಿಯ ಇಷಾಪುರ

ಎನ್‌ಸಿಸಿ ಶಿಬಿರಕ್ಕೆ ಹೋಗಿ ಬಂದವರಿಗೆ ‘ತ್ರೀ ನಾಟ್ ತ್ರೀ’ ಗೊತ್ತು. ಸುಮಾರು ನಾಲ್ಕು ಕಿಲೋ ತೂಕದ ಆ ರೈಫಲನ್ನು ಹೆಗಲಿಗಿಟ್ಟು ಮೈದಾನ ಸುತ್ತಿದವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಖಜಾನೆಯ ಬಾಗಿಲಲ್ಲಿ, ಠಾಣೆಯ ಪಹರೆಯಲ್ಲಿ, ಚುನಾವಣೆ ದಿನ ಮತಗಟ್ಟೆಯ ಮುಂದೆ ನಿಂತ ಪೇದೆಯ ಕೈಯಲ್ಲಿ ನಾವೆಲ್ಲ ನೋಡಿದ ಬಂದೂಕು ಅದೇ. 2020ರ ಜನವರಿ 26ರಂದು ಉತ್ತರ ಪ್ರದೇಶದ ಪೊಲೀಸರು ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕೊನೆಯ ಸಲ ಅದನ್ನು ಹಿಡಿದು ನಡೆದು, ಅದಕ್ಕೆ ಅಧಿಕೃತವಾಗಿ ಬೀಳ್ಕೊಡುಗೆ ಕೊಟ್ಟರು. ಅದರ ಮುಖ್ಯ ಮಾದರಿಗೆ ಬ್ರಿಟಿಷ್ ಸೇನೆ ಒಪ್ಪಿಗೆ ಕೊಟ್ಟದ್ದು 1907ರಲ್ಲಿ.

ಹೀಗೆ ನಿವೃತ್ತಿಯಾದ ಬಂದೂಕುಗಳು ಎಲ್ಲಿಗೆ ಹೋಗುತ್ತವೆ? ನಮ್ಮಲ್ಲಿ ಸಾಮಾನ್ಯ ನಾಗರಿಕ ಅಂಗಡಿಗೆ ಹೋಗಿ ಅದನ್ನು ಕೊಳ್ಳುವಂತಿಲ್ಲ. ಆದರೆ ಇಂಡಿಯಾದಲ್ಲಿ ತಯಾರಾಗಿ, ಇಂಡಿಯಾದ ಸೈನಿಕರ ಕೈಯಲ್ಲಿ ಸವೆದ ಸಾವಿರಾರು ರೈಫಲ್‌ಗಳು ಅಮೆರಿಕದ ಪೆನ್ಸಿಲ್ವೇನಿಯಾ, ಟೆಕ್ಸಾಸ್, ಒಹಾಯೊಗಳ ಗ್ಯಾರೇಜುಗಳಲ್ಲಿವೆ. ಅಲ್ಲಿ ಅವನ್ನು ಕೊಂಡು, ಬಿಚ್ಚಿ, ತೊಳೆದು, ಎಣ್ಣೆ ಹಚ್ಚಿ ಮತ್ತೆ ಜೋಡಿಸುವ ಹವ್ಯಾಸಿಗಳ ದೊಡ್ಡ ಬಳಗವೇ ಇದೆ. ಆ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದನ್ನು ನಾವೂ ತಿಳಿದಿರಬೇಕು. ಯಾಕೆಂದರೆ ಆ ಉಕ್ಕಿನ ಮೇಲೆ ಕೊರೆದಿರುವುದು ನಮ್ಮ ಊರಿನ ಹೆಸರು.

ಆ ಊರು ಇಷಾಪುರ. ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿದೆ. ಈಸ್ಟ್ ಇಂಡಿಯಾ ಕಂಪನಿ 1787ರಲ್ಲಿ ಅಲ್ಲಿ ಮದ್ದಿನ ಕಾರ್ಖಾನೆ ಕಟ್ಟಿತು. ಅದು 1902ರಲ್ಲಿ ಮುಚ್ಚಿದ ಮೇಲೆ ಅದೇ ಜಾಗದಲ್ಲಿ 1904ರಲ್ಲಿ ರೈಫಲ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದದ್ದು ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ಕೆಲಸ ಮಾಡಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟು, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆ ಕೊರೆದ ಬ್ಯಾರಲ್ಲು, ಎರಡೂ ಸೇರಿ ಆ ಹೆಸರು. ಹತ್ತು ತೋಟಾ ಹಿಡಿಸುವ ಮ್ಯಾಗಝೀನ್, ಬೆರಳಿನಲ್ಲೇ ಎತ್ತಿ ಎಳೆಯಬಹುದಾದಷ್ಟು ನಯವಾದ ಬೋಲ್ಟು. ಪಳಗಿದ ಸಿಪಾಯಿ ನಿಮಿಷಕ್ಕೆ ಹದಿನೈದು ಗುಂಡನ್ನು ಗುರಿಯಿಟ್ಟೇ ಹೊಡೆಯುತ್ತಿದ್ದ. 1914ರಲ್ಲಿ ಫ್ರಾನ್ಸಿನ ಕೆಸರಿಗಿಳಿದ ಇಂಡಿಯಾದ ಸೈನಿಕರ ಕೈಯಲ್ಲಿ, ಮೆಸೊಪೊಟೇಮಿಯಾದ ಮರಳಿನಲ್ಲಿ, 1944ರಲ್ಲಿ ಕೊಹಿಮಾದಲ್ಲಿ, 1947-48ರಲ್ಲಿ ಕಾಶ್ಮೀರದಲ್ಲಿ ಇದ್ದದ್ದು ಇದೇ ವಂಶದ ರೈಫಲ್. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ‘ನಂಬರ್ 4’ ಎಂಬ ಹೊಸ ಮಾದರಿಗೆ ಬದಲಾಯಿತು. ಇಷಾಪುರ ಮಾತ್ರ ಹಳೆಯ ‘ನಂಬರ್ 1 ಮಾರ್ಕ್ 3’ ಮಾದರಿಯನ್ನೇ ಸ್ವಾತಂತ್ರ್ಯದ ನಂತರವೂ ತಯಾರಿಸುತ್ತಾ ಹೋಯಿತು.

1962ರ ಚೀನಾ ಯುದ್ಧದಲ್ಲಿ ಎದುರಿನವರ ಬಳಿ ಅರೆಸ್ವಯಂಚಾಲಿತ ರೈಫಲ್‌ಗಳಿದ್ದವು, ನಮ್ಮವರ ಬಳಿ ಒಂದೊಂದು ಗುಂಡಿಗೂ ಬೋಲ್ಟು ಎಳೆಯಬೇಕಾದ .303. ಹೊಸ ರೈಫಲ್ ಎಲ್ಲರ ಕೈಗೆ ಸಿಗುವವರೆಗೆ ಮಧ್ಯಂತರದ ಏರ್ಪಾಡಾಗಿ ಇಷಾಪುರ ತನ್ನ ಹಳೆಯ ವಿನ್ಯಾಸವನ್ನೇ 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ‘2ಎ’, ಆಮೇಲೆ ‘2ಎ1’ ಎಂಬ ರೈಫಲ್ ತಯಾರಿಸಿತು. ಹಳೆಯ .303ಗಳನ್ನೇ ಕೊರೆದು ಇದನ್ನು ಮಾಡಿದರು ಎಂಬ ಮಾತು ಅಮೆರಿಕದ ಬಂದೂಕು ಮೇಳಗಳಲ್ಲಿ ಇವತ್ತಿಗೂ ಓಡಾಡುತ್ತದೆ. ಅದು ತಪ್ಪು. ಹೆಚ್ಚಿನ ಒತ್ತಡ ತಡೆಯಲು ಬೇರೆ, ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ ಬಂದೂಕು ಅದು. ಇಷಾಪುರದ ಕೆಲಸಗಾರರಿಗೆ ಸಲ್ಲಬೇಕಾದ ಈ ಮನ್ನಣೆ ಅವರಿಗೆ ಸರಿಯಾಗಿ ಸಂದಿಲ್ಲ ಎಂಬ ಬೇಸರ ನನಗಿದೆ.

ಅಮೆರಿಕಕ್ಕೆ ಸೇನೆಯ ಹಳೆಯ ಬಂದೂಕುಗಳ ಪ್ರವಾಹ ಹರಿದದ್ದು ಎರಡು ಸಲ. ಮೊದಲನೆಯದು 1950-60ರ ದಶಕದಲ್ಲಿ. ಯುದ್ಧ ಮುಗಿಸಿದ ಯುರೋಪಿನ ದೇಶಗಳಿಂದ ಸಗಟಾಗಿ ಕೊಂಡು, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ಗೋದಾಮುಗಟ್ಟಲೆ ಪೇರಿಸಿಟ್ಟ ಸ್ಯಾಮ್ಯುಯಲ್ ಕಮಿಂಗ್ಸ್ ಆ ಕಾಲದ ದೊಡ್ಡ ವ್ಯಾಪಾರಿ. ಪತ್ರಿಕೆಯ ಜಾಹೀರಾತು ನೋಡಿ ದುಡ್ಡು ಕಳಿಸಿದರೆ ಅಂಚೆಯಲ್ಲೇ ರೈಫಲ್ ಬರುತ್ತಿತ್ತು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯನ್ನು ಕೊಂದ ಇಟಲಿಯ ಕಾರ್ಕಾನೊ ರೈಫಲ್ ಕೂಡ ಹಾಗೆಯೇ, ಶಿಕಾಗೊದ ಅಂಗಡಿಯಿಂದ, ದೂರದರ್ಶಕ ಸಮೇತ 19.95 ಡಾಲರಿಗೆ, ಸುಳ್ಳು ಹೆಸರಿನಲ್ಲಿ ತರಿಸಿದ್ದು. 1968ರಲ್ಲಿ ಬಂದ ಬಂದೂಕು ನಿಯಂತ್ರಣ ಕಾಯ್ದೆ ಅಂಚೆಯ ಮಾರಾಟವನ್ನೂ ಸೇನಾ ಬಂದೂಕುಗಳ ಆಮದನ್ನೂ ನಿಲ್ಲಿಸಿತು. 1980ರ ದಶಕದ ನಡುವೆ ಸಂಗ್ರಹಯೋಗ್ಯ ಹಳೆಯ ಮಾದರಿಗಳಿಗೆ ಮತ್ತೆ ಬಾಗಿಲು ತೆರೆದಾಗ ಎರಡನೇ ಪ್ರವಾಹ ಬಂತು. 1990ರ ದಶಕದಲ್ಲಿ ಇಷಾಪುರದ ರೈಫಲ್ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಈಗ ಅದರ ಹಲವು ಪಟ್ಟು ಕೊಡಬೇಕು, ಕೊಟ್ಟರೂ ಒಳ್ಳೆಯದು ಅಪರೂಪ.

2003ರಲ್ಲಿ ಇನ್ನೊಂದು ಸಂಗತಿ ನಡೆಯಿತು. ನೇಪಾಳದ ಸೇನೆ ಕಠ್ಮಂಡುವಿನ ಲಗನ್ ಸಿಲೆಖಾನಾ ಎಂಬ ಹಳೆಯ ಶಸ್ತ್ರಾಗಾರವನ್ನು ಅಮೆರಿಕದ ಎರಡು ಸಂಸ್ಥೆಗಳಿಗೆ ಮಾರಿತು. ಬ್ರೌನ್ ಬೆಸ್ ಮಸ್ಕೆಟ್ಟುಗಳಿಂದ ಹಿಡಿದು ಮಾರ್ಟಿನಿ-ಹೆನ್ರಿ ರೈಫಲ್‌ಗಳವರೆಗೆ, ನೇಪಾಳದಲ್ಲೇ ರೂಪುಗೊಂಡ ಗಹೇಂದ್ರ ರೈಫಲ್ ಸಹಿತ, ಹತ್ತೊಂಬತ್ತನೇ ಶತಮಾನದ ಸಾವಿರಾರು ಆಯುಧಗಳು ದಶಕಗಳ ದೂಳು, ಒಣಗಿದ ಗ್ರೀಸಿನ ಸಮೇತ ಹಡಗೇರಿದವು. ‘ಒರೆಸದ ಸ್ಥಿತಿಯಲ್ಲೇ’ ಬೇಕು ಎಂದು ಕೊಂಡವರು ಅನೇಕ. ತಾವೇ ಒರೆಸುವುದರಲ್ಲಿ ಅವರಿಗೆ ಸಂತೋಷ.

ಕೊಳ್ಳುವ ಕ್ರಮ ಸರಳ, ಆದರೆ ಕಾನೂನಿನೊಳಗೆ. ಅಂಗಡಿಯಿಂದ ಕೊಂಡರೆ ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೈಗೆ ಬರುತ್ತದೆ. ಐವತ್ತು ವರ್ಷ ದಾಟಿದ ಬಂದೂಕುಗಳನ್ನು ಸಂಗ್ರಹಿಸುವವರಿಗೆ ಬೇರೆಯೇ ಒಂದು ಫೆಡರಲ್ ಲೈಸೆನ್ಸ್ ಇದೆ. ಮೂರು ವರ್ಷಕ್ಕೆ ಮೂವತ್ತು ಡಾಲರ್. ಅದಿದ್ದರೆ ಬೇರೆ ರಾಜ್ಯದಿಂದಲೂ ನೇರ ಮನೆಗೆ ತರಿಸಬಹುದು, ಆದರೆ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ರಾಜ್ಯಗಳ ಕಾನೂನು ಇದರ ಮೇಲೆ ಬೇರೆ.

ಪೆನ್ಸಿಲ್ವೇನಿಯಾದಲ್ಲಿ ಮೂವತ್ತು ವರ್ಷದಿಂದ ನೆಲೆಸಿರುವ ನನ್ನ ದೊಡ್ಡಪ್ಪನ ಮಗ ಹೀಗೆ ಕೊಂಡದ್ದು 1943ರ ಇಷಾಪುರ. ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಕೈಕೆಲಸ ಅವನಿಗೆ ರಕ್ತದಲ್ಲೇ ಇದೆ. ಕೊಳ್ಳುವ ಮುಂಚೆ ಅವನು ಮೊದಲು ನೋಡಿದ್ದು ಹೊಳಪನ್ನಲ್ಲ, ಹಿಡಿಗೆ ಹೊಂದಿಕೊಂಡಿರುವ ಉಕ್ಕಿನ ಪಟ್ಟಿಯನ್ನು. ಅದರ ಬಲಬದಿಯಲ್ಲಿ ಕಿರೀಟ, ಅದರಡಿ ‘ಜಿಆರ್‌ಐ’ ಎಂಬ ಮೂರಕ್ಷರ, ಆಮೇಲೆ ಇಷಾಪುರ, ಇಸವಿ, ಮಾದರಿ. ಗಣರಾಜ್ಯವಾದ ಮೇಲಿನವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಬೋಲ್ಟಿನ ಹಿಡಿಕೆಯ ಮೇಲಿರುವ ಅಂಕಿಯೂ ದೇಹದ ಅಂಕಿಯೂ ಒಂದೇ ಇವೆಯೇ ಎಂದು ನೋಡಿದ. ಬೋಲ್ಟನ್ನು ಆಯಾ ರೈಫಲ್ಲಿಗೇ ಹೊಂದಿಸಿ ಕೂರಿಸಿರುತ್ತಾರೆ. ಬೇರೆಯದರ ಬೋಲ್ಟು ಹಾಕಿದ್ದರೆ ತೋಟಾ ಕೂರುವ ಅಂತರ ಕೆಟ್ಟಿರಬಹುದು. ಕೊನೆಗೆ ಬೋಲ್ಟು ತೆಗೆದು, ಹಿಂದಿನಿಂದ ಬೆಳಕು ಬಿಟ್ಟು ಬ್ಯಾರಲ್ಲಿನೊಳಗೆ ಕಣ್ಣಿಟ್ಟ. ಐದು ಗೀರುಗಳು ಎಡಕ್ಕೆ ಸುತ್ತಿಕೊಂಡು ಹೋಗಿರಬೇಕು, ಅಂಚು ಮಾಸಿರಬಾರದು.

ಮರದ ಮುಂಭಾಗದಲ್ಲಿ ಅಡ್ಡಲಾಗಿ ಹಾದುಹೋದ ಒಂದು ಸ್ಕ್ರೂ ಇತ್ತು. ಅಮೆರಿಕದ ಸಂಗ್ರಹಕಾರರು ಅದನ್ನು ‘ಇಷಾಪುರ ಸ್ಕ್ರೂ’ ಎಂದೇ ಕರೆಯುತ್ತಾರೆ. ನಮ್ಮ ಸೆಕೆ ಮತ್ತು ಮಳೆಗೆ ಹಿಗ್ಗಿ ಕುಗ್ಗಿ ಮರ ಸೀಳದಿರಲಿ ಎಂದು ನಮ್ಮ ಶಸ್ತ್ರಾಗಾರಗಳಲ್ಲಿ ಹಾಕಿದ್ದು. ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯಾದ ಲಿತ್ಗೋವಿನಲ್ಲೋ ತಯಾರಾದ ರೈಫಲ್ಲಿನಲ್ಲಿ ಅದು ಕಂಡರೂ, ಆ ಬಂದೂಕು ಇಂಡಿಯಾದಲ್ಲಿ ಸೇವೆ ಮಾಡಿದೆ ಎಂದು ತಿಳಿಯಬಹುದು.

ಇಲ್ಲೊಂದು ಎಚ್ಚರಿಕೆ. ‘ಡಿಪಿ’ ಎಂಬ ಮುದ್ರೆ ಇದ್ದರೆ ಅದು ಕವಾಯತಿಗೆ ಮಾತ್ರ. ನಮ್ಮ ಎನ್‌ಸಿಸಿಯವರಿಗೆ ಈ ಎರಡಕ್ಷರ ಚಿರಪರಿಚಿತ. ಸವೆದದ್ದೋ, ಬಿರುಕು ಬಿಟ್ಟದ್ದೋ, ಅಂತರ ಕೆಟ್ಟದ್ದೋ, ಯಾವುದೋ ಕಾರಣಕ್ಕೆ ಗುಂಡು ಹಾರಿಸಲು ಯೋಗ್ಯವಲ್ಲ ಎಂದು ಸೇನೆಯೇ ತೀರ್ಮಾನಿಸಿದ ಬಂದೂಕು. ಅದನ್ನು ಗೋಡೆಗೆ ತೂಗುಹಾಕಬಹುದು, ಅದರಿಂದ ಗುಂಡು ಹಾರಿಸಬಾರದು. ಅಗ್ಗಕ್ಕೆ ಸಿಕ್ಕಿತೆಂದು ಈ ಮುದ್ರೆಯನ್ನು ಕಡೆಗಣಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಒಡೆದರೆ ಮೊದಲು ಹೋಗುವುದು ಹಾರಿಸುವವನ ಮುಖ.

ನಾನು ಹೋದಾಗ ಅಣ್ಣನ ಗ್ಯಾರೇಜಿನ ಮೇಜಿನ ಮೇಲೆ ಆ ರೈಫಲ್ ಮಲಗಿತ್ತು. ಕಾಸ್ಮೊಲೀನ್ ಎಂಬ ಕಂದು ಗ್ರೀಸು ಮೈಯೆಲ್ಲ ಮೆತ್ತಿಕೊಂಡಿತ್ತು. ಗೋದಾಮಿನಲ್ಲಿ ವರ್ಷಗಟ್ಟಲೆ ಇಡುವಾಗ ತುಕ್ಕು ಹಿಡಿಯದಿರಲೆಂದು ಹಚ್ಚುವ ಮೇಣದಂಥ ಪದಾರ್ಥ ಅದು. ನಾನು ಬಟ್ಟಿನ, ಅಂದರೆ ಹೆಗಲಿಗೆ ಒರಗುವ ಮರದ, ಹಿಂದಿನ ಪುಟ್ಟ ಹಿತ್ತಾಳೆ ಮುಚ್ಚಳ ತೆರೆದೆ. ಒಳಗೆ ಎಣ್ಣೆಯ ಕುಪ್ಪಿ, ನಳಿಕೆ ಒರೆಸುವ ದಾರ ಇಡುವ ಪೊಳ್ಳು. ಆ ಪೊಳ್ಳಿನ ತಳದಲ್ಲಿ ಬಟ್ಟನ್ನು ಹಿಡಿದಿರುವ ಉದ್ದ ಬೋಲ್ಟಿನ ತಲೆ. ಉದ್ದನೆ ಸ್ಕ್ರೂಡ್ರೈವರ್ ಹತ್ತಿರವೇ ಇತ್ತು, ತೆಗೆದುಕೊಂಡೆ.

“ಅದನ್ನ ಈಗ ಮುಟ್ಟಬೇಡ ಕಣೋ” ಎಂದ ಅಣ್ಣ. “ಮೊದಲು ಮುಂದಿನ ಮರ ಬಿಚ್ಚಬೇಕು. ಆಮೇಲೆ ಬಟ್ಟು.”

ಕಾರಣವನ್ನೂ ತೋರಿಸಿದ. ಆ ಬೋಲ್ಟಿನ ಮುಂದಿನ ತುದಿ ಚೌಕ. ಅದು ಮುಂಭಾಗದ ಮರದ ಹಿಂಬದಿಯಲ್ಲಿ ಕೂರಿಸಿದ ಲೋಹದ ಪಟ್ಟಿಯ ತೋಡಿನೊಳಗೆ ಕೂತಿರುತ್ತದೆ, ತಾನಾಗಿ ಸಡಿಲವಾಗದಿರಲಿ ಎಂದು. ಮರ ಬಿಚ್ಚದೆ ಬೋಲ್ಟು ತಿರುಗಿಸಿದರೆ ಚೌಕದ ಮೂಲೆಗಳು ಎಂಬತ್ತು ವರ್ಷದ ಮರವನ್ನು ಒಳಗಿಂದ ಸೀಳಿಬಿಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬಲ್ಲವರ ಪ್ರಕಾರ ಹವ್ಯಾಸಿಗಳ ಕೈಯಲ್ಲಿ ಲೀ-ಎನ್‌ಫೀಲ್ಡ್ ಹಾಳಾಗುವ ಅತಿ ಸಾಮಾನ್ಯ ದಾರಿ ಇದು.

ಅವನು ಬಿಚ್ಚಿದ ಕ್ರಮ ಹೀಗಿತ್ತು. ಮ್ಯಾಗಝೀನ್ ಹೊರಗೆ. ಮೂತಿಯ ಕಬ್ಬಿಣದ ತೊಪ್ಪಿಯ ಎರಡು ಸ್ಕ್ರೂ, ಆಮೇಲೆ ಪಟ್ಟಾ ಸಿಕ್ಕಿಸುವ ಬಳೆ, ಕೈ ಸುಡದಂತೆ ಬ್ಯಾರಲ್ಲಿನ ಮೇಲೆ ಮುಚ್ಚಿದ ಮರದ ಹೊದಿಕೆಗಳು, ಟ್ರಿಗರ್ ಗಾರ್ಡಿನ ಹಿಂದು ಮುಂದಿನ ಸ್ಕ್ರೂಗಳು. ನಡುವೆ ಒಳಬಳೆಯ ಸ್ಕ್ರೂ ಒಂದಿದೆ, ಅದರ ಜೊತೆ ಸಣ್ಣ ಸ್ಪ್ರಿಂಗು. ಮೂತಿಯ ಹತ್ತಿರ ಬ್ಯಾರಲನ್ನು ಕೆಳಗಿಂದ ಒತ್ತಿ ಹಿಡಿಯುವ ಇನ್ನೊಂದು ಸ್ಪ್ರಿಂಗು, ಗುಂಡಿಯಷ್ಟೇ ಗಾತ್ರದ ಬೆಣೆ. ಇವೆರಡೂ ಇದ್ದರೆ ಮಾತ್ರ ಬ್ಯಾರಲ್ಲಿನ ಕಂಪನ ಒಂದೇ ಹದದಲ್ಲಿದ್ದು ಗುಂಡು ಗುರಿ ತಪ್ಪುವುದಿಲ್ಲ. ಗ್ಯಾರೇಜಿನ ನೆಲದಲ್ಲಿ ಕಳೆದುಹೋಗುವುದೂ ಇವೇ. ಅಣ್ಣ ಬಿಳಿ ಪಂಚೆಯ ತುಂಡು ಹಾಸಿ, ಒಂದೊಂದನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟ, ಫೋಟೊ ತೆಗೆದ. ಮುಂದಿನ ಮರವನ್ನು ತುದಿ ಹಿಡಿದು ಎಳೆಯಲಿಲ್ಲ. ಹಿಂಬದಿಯಿಂದ ಎರಡೂ ಕಡೆ ಸಮನಾಗಿ ಸಡಿಲಿಸುತ್ತಾ ಇಳಿಸಿದ. ಆ ಮರದ ಹಿಂಭಾಗದಲ್ಲಿ ಉಕ್ಕಿನ ದೇಹಕ್ಕೆ ಬಿಗಿಯಾಗಿ ಒರಗುವ ಎರಡು ಮುಖಗಳಿವೆ. ಗುಂಡು ಹಾರಿದ ಹೊಡೆತವನ್ನೆಲ್ಲ ಹೊರುವುದು ಅವು. ಅವು ಚಪ್ಪಟೆಯಾಗಿದ್ದರೆ ಅದನ್ನು ಸರಿಪಡಿಸದೆ ಉಳಿದದ್ದೆಲ್ಲ ಅಲಂಕಾರವಷ್ಟೆ.

ಗ್ರೀಸು ಕರಗಿಸಲು ಲೋಹಕ್ಕೆ ಸೀಮೆಎಣ್ಣೆಯೋ ಮಿನರಲ್ ಸ್ಪಿರಿಟ್ಟೋ ಸಾಕು. ಹಲ್ಲುಜ್ಜುವ ಹಳೆಯ ಬ್ರಷ್ಷು, ಹತ್ತಿಯ ಚಿಂದಿ, ಸಂದುಗೊಂದಿಗೆ ಬಿದಿರಿನ ಕಡ್ಡಿ. ಮರದ್ದು ಬೇರೆ ಲೆಕ್ಕ. ದಶಕಗಳ ಎಣ್ಣೆ ಮರದೊಳಕ್ಕೇ ಇಳಿದಿರುತ್ತದೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿಲಿಗೆ ಹಾಕಿದರೆ ಬೆವರಿನಂತೆ ಹೊರಬರುತ್ತದೆ, ಒರೆಸುವುದು, ಮತ್ತೆ ಹಾಕುವುದು. ಉಳಿದದ್ದನ್ನು ಹೀರಲು ಅಲ್ಲಿಯವರು ಬಳಸುವ ಜೇಡಿಪುಡಿ ಬೇರೇನಲ್ಲ, ನಮ್ಮ ಮುಲ್ತಾನಿ ಮಿಟ್ಟಿ. ಲೇಪಿಸಿ ಒಣಗಲು ಬಿಟ್ಟರೆ ಎಣ್ಣೆ ಕುಡಿದು ಕಪ್ಪಾಗುತ್ತದೆ.

ತಗ್ಗುಗಳಿದ್ದರೆ ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಕು. ಹಬೆಗೆ ಅದುಮಿದ ಎಳೆಗಳು ಹಿಗ್ಗಿ ತಗ್ಗು ಮೇಲೆದ್ದು ಬರುತ್ತದೆ. ಕಡೆಗೆ ಅಗಸೆ ಎಣ್ಣೆ, ಸೈನಿಕರು ಹಚ್ಚುತ್ತಿದ್ದ ಹಸಿ ಅಗಸೆ ಎಣ್ಣೆಯೇ, ಅಂಗೈಯಲ್ಲಿ ಬಿಸಿಯಾಗುವಷ್ಟು ತಿಕ್ಕಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಂಡು ಮನೆಗಳು ಸುಟ್ಟಿವೆ. ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಬೇಕು.

ಉಪ್ಪುಕಾಗದ ಮಾತ್ರ ಕೂಡದು. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗಲಾರೆ. ಬಟ್ಟಿನ ಮರದ ಮೇಲೆ ತನಿಖಾಧಿಕಾರಿಯ ಮುದ್ರೆಗಳಿರುತ್ತವೆ, ದುರಸ್ತಿಯಾದ ಶಸ್ತ್ರಾಗಾರದ ಗುರುತು, ಕೆಲವೊಮ್ಮೆ ಪಲ್ಟಣಿಯ ಸಂಖ್ಯೆ. ಸೀಳಿದ ಜಾಗದಲ್ಲಿ ಬೇರೆ ಮರದ ತುಂಡನ್ನು ಕೂರಿಸಿ ತೇಪೆ ಹಾಕಿದ ಕೆಲಸವಿರುತ್ತದೆ. ಅಣ್ಣನ ರೈಫಲ್ಲಿನ ಬಟ್ಟಿನಲ್ಲಿ ಅಂಥ ತೇಪೆ ಒಂದಿತ್ತು. ಎಳೆಗೆ ಎಳೆ ಹೊಂದಿಸಿ, ಉಗುರು ಹಾಯಿಸಿದರೂ ತಡೆಯದಷ್ಟು ನುಣುಪಾಗಿ ಕೂರಿಸಿದ್ದರು. ಯಾವ ಬಡಗಿಯೋ, ಯಾವ ಊರಿನ ಡಿಪೋದಲ್ಲೋ. ಉಪ್ಪುಕಾಗದ ಹಿಡಿದು ಮೂರು ಸಲ ಉಜ್ಜಿ ಹೊಳೆಯುವ ವಾರ್ನಿಶ್ ಬಳಿದರೆ ಆ ಮನುಷ್ಯನ ಕೆಲಸದ ಒಂದೇ ಒಂದು ಸಾಕ್ಷಿ ಅಳಿಸಿಹೋಗುತ್ತದೆ.

ಲೋಹದ ತುಕ್ಕಿನಲ್ಲಿ ರಸಾಯನಶಾಸ್ತ್ರ ನೆರವಿಗೆ ಬರುತ್ತದೆ. ಕೆಂಪು ತುಕ್ಕನ್ನು ಕೆರೆದು ತೆಗೆದರೆ ಅದರ ಜೊತೆ ಹಳೆಯ ಕಪ್ಪು ಮೆರುಗೂ ಹೋಗುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ಇಟ್ಟರೆ ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಕೂದಲಿಗಿಂತ ನವಿರಾದ ಉಕ್ಕಿನ ಎಳೆಯಿಂದ ಸಡಿಲ ಪುಡಿಯನ್ನಷ್ಟೇ ಒರೆಸಿ ಎಣ್ಣೆ ಹಚ್ಚಿದರೆ ಸಾಕು. ಬಂದೂಕಿನ ಕಪ್ಪು ಮೆರುಗನ್ನು ಮೊದಲಿಗೆ ಕಾರ್ಖಾನೆಗಳಲ್ಲಿ ಕೊಡುತ್ತಿದ್ದ ಹಳೆಯ ಪದ್ಧತಿಯ ಒಳಗುಟ್ಟೂ ಇದೇ: ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಒರೆಸಿ, ಮತ್ತೆ ಹಿಡಿಸುವುದು.

ಬ್ಯಾರಲ್ಲಿನ ಒಳಗಿನ ತುಕ್ಕಿಗೆ ಕಾರಣ ಬೇರೆ. ಹಳೆಯ ತೋಟಾಗಳ ಕಿಡಿ ಹೊತ್ತಿಸುವ ಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಕೆಯಲ್ಲಿ ಉಳಿಯುತ್ತದೆ. ಅಡುಗೆ ಉಪ್ಪಿನಂತೆಯೇ ಅದೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅದಕ್ಕೇ ಬ್ರಿಟಿಷ್ ಸಿಪಾಯಿಗಳು ಗುಂಡು ಹಾರಿಸಿ ಬಂದೊಡನೆ ಲಾಳಿಕೆ ಇಟ್ಟು ಕುದಿನೀರು ಸುರಿಯುತ್ತಿದ್ದರು, ಆಮೇಲೆ ಒಣಗಿಸಿ ಎಣ್ಣೆ. ನೀರು ಮರೆತು ಬರೀ ಎಣ್ಣೆ ಹಚ್ಚಿ ಮಳೆಗಾಲಕ್ಕೆ ಬಿಟ್ಟ ಬ್ಯಾರಲ್ಲುಗಳ ಒಳಗೋಡೆ ಸಿಡುಬಿನ ಮುಖದಂತಾಗಿರುತ್ತದೆ. ಅದಕ್ಕೆ ಪರಿಹಾರವಿಲ್ಲ.

ಜೋಡಿಸಿದ ಮೇಲೂ ಗುಂಡು ಹಾರಿಸುವ ಮುಂಚೆ ಒಂದು ಪರೀಕ್ಷೆ ಉಳಿದಿರುತ್ತದೆ. .303 ತೋಟಾದ ಬುಡಕ್ಕೆ ಅಂಚಿದೆ, ಬೋಲ್ಟಿಗೂ ಬ್ಯಾರಲ್ಲಿಗೂ ನಡುವೆ ಆ ಅಂಚು ಕೂರುವ ಜಾಗ ಸುಮಾರು 1.6ರಿಂದ 1.9 ಮಿಲಿಮೀಟರಿನೊಳಗೆ ಇರಬೇಕು. ಹೆಚ್ಚಾದರೆ ಹಿತ್ತಾಳೆ ಕವಚ ಹಿಂದಕ್ಕೆ ಹಿಗ್ಗಿ ಹರಿದು, ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಇದನ್ನು ಅಳೆಯಲು ಉಕ್ಕಿನ ಗೇಜುಗಳಿವೆ. ಅಣ್ಣ ತನ್ನ ಕೈಕೆಲಸವನ್ನು ಎಷ್ಟು ನಂಬಿದ್ದರೂ ಇದನ್ನು ಮಾತ್ರ ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿಗೆ ಒಯ್ದ. ಅದು ಸರಿ.

ಮೊದಲ ಪ್ರವಾಹದ ಕಾಲದಲ್ಲಿ ಅಗ್ಗದ ರೈಫಲ್ ಕೊಂಡ ಅಮೆರಿಕನ್ನರು ಜಿಂಕೆ ಬೇಟೆಗೆ ಹಗುರವಾಗಲೆಂದು ಮುಂದಿನ ಮರವನ್ನು ಗರಗಸದಲ್ಲಿ ಕತ್ತರಿಸಿದರು, ಮೂತಿಯ ತೊಪ್ಪಿ ಎಸೆದರು, ಕೆಲವರು ಬ್ಯಾರಲ್ಲನ್ನೂ ಕುಯ್ದರು. ಇಂದು ಅವರ ಮೊಮ್ಮಕ್ಕಳ ತಲೆಮಾರು ಅದೇ ಬಂದೂಕುಗಳಿಗೆ ಕಳೆದುಹೋದ ಮರ, ಬಳೆ, ಸ್ಕ್ರೂಗಳನ್ನು ಊರೂರು ಅಲೆದು ಹುಡುಕಿ ಮೊದಲಿನ ರೂಪ ಕೊಡುತ್ತಿದೆ. ಬ್ಯಾರಲ್ ಕುಯ್ಯದಿದ್ದರೆ ಇದು ಸಾಧ್ಯ. ನನಗೆ ಇದು ಒಳ್ಳೆಯ ದುರಸ್ತಿ ಅನ್ನಿಸುತ್ತದೆ, ಹೊಸ ಮರ ಸೇರಿಸಿದ್ದನ್ನು ಬರೆದಿಟ್ಟು ಹೇಳುವ ಪ್ರಾಮಾಣಿಕತೆ ಇರುವವರೆಗೆ. ಎರಡು ಬೇರೆ ರೈಫಲ್‌ಗಳ ಭಾಗಗಳನ್ನು ಸೇರಿಸಿ, ಹಳೆಯ ಅಂಕಿ ಅರೆದು, ಹೊಸ ಅಂಕಿ ಹೊಡೆದು ‘ಎಲ್ಲ ಅಂಕಿ ಒಂದೇ’ ಎಂದು ಮಾರುವವರೂ ಇದ್ದಾರೆ. ಅದು ದುರಸ್ತಿಯಲ್ಲ, ಇತಿಹಾಸಕ್ಕೆ ಮಾಡುವ ಮೋಸ.

ನಮ್ಮ ದೇಶದಲ್ಲಿ ಇದರ ಕಥೆ ಬೇರೆ. ಸೇನೆಯ ತೋಟಾ ನುಂಗುವ ಯಾವ ಬಂದೂಕೂ ನಾಗರಿಕರ ಕೈಗೆ ಹೋಗಬಾರದು ಎಂಬ ಧೋರಣೆ ಬ್ರಿಟಿಷರ ಕಾಲದ್ದು. ಕದ್ದ ತೋಟಾ ಕದ್ದವನಿಗೆ ಉಪಯೋಗಕ್ಕೆ ಬಾರದಿರಲಿ ಎಂಬ ಲೆಕ್ಕ. ಇಂದಿಗೂ .303 ಮತ್ತು 7.62 ನಿಷೇಧಿತ ಬೋರುಗಳು. ಅದಕ್ಕೇ ಇಷಾಪುರವೇ ನಾಗರಿಕರಿಗಾಗಿ ಲೀ-ಎನ್‌ಫೀಲ್ಡಿನ ದೇಹಕ್ಕೆ .315 ಬೋರು ಕೂರಿಸಿ ಸ್ಪೋರ್ಟಿಂಗ್ ರೈಫಲ್ ಮಾಡಿತು. ಬೋಲ್ಟು, ಅದರ ನಡಿಗೆ ಎಲ್ಲ ‘ತ್ರೀ ನಾಟ್ ತ್ರೀ’ಯದ್ದೇ, ತೋಟಾ ಮಾತ್ರ ಬೇರೆ. ಮಲೆನಾಡಿನ ತೋಟದ ಮನೆಗಳಲ್ಲಿ, ಕೊಡಗಿನಲ್ಲಿ ಇದು ಅಪರಿಚಿತವಲ್ಲ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗಿಡುವ ಮನೆಗಳಲ್ಲಿ ಆಯುಧದ ಆರೈಕೆ ತಲೆಮಾರಿನಿಂದ ತಲೆಮಾರಿಗೆ ಬಂದ ವಿದ್ಯೆ.

ಅಂಥ ಹಳೆಯ ಬಂದೂಕು ನಿಮ್ಮ ಮನೆಯಲ್ಲಿದ್ದರೆ ಮೊದಲು ಕಾಗದಪತ್ರ ನೋಡಿ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ವಾರಸುದಾರರು ಅದನ್ನು ಹಾಗೇ ಅಟ್ಟದಲ್ಲಿ ಇಟ್ಟುಕೊಳ್ಳುವಂತಿಲ್ಲ. ಠಾಣೆಯಲ್ಲೋ ಲೈಸೆನ್ಸ್ ಪಡೆದ ಅಂಗಡಿಯಲ್ಲೋ ಠೇವಣಿ ಇಟ್ಟು, ನಿಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ ಎಂಬುದೂ ನೆನಪಿರಲಿ. ಒರೆಸುವುದು, ಎಣ್ಣೆ ಹಚ್ಚುವುದು ನಿಮ್ಮ ಕೆಲಸ. ಸ್ಪ್ರಿಂಗು, ಬೋಲ್ಟು, ಬ್ಯಾರಲ್ಲಿನ ದುರಸ್ತಿ ಶಸ್ತ್ರ ಕಾಯ್ದೆಯಡಿ ಪರವಾನಗಿ ಇರುವವರದ್ದೇ. ಅವರಿಗೆ ಕೊಡುವಾಗ ಮರದ ಮೇಲಿನ ಮುದ್ರೆ, ಲೋಹದ ಮೇಲಿನ ಅಂಕಿ, ಇಸವಿಗಳ ಫೋಟೊ ತೆಗೆದಿಟ್ಟುಕೊಳ್ಳಿ, ಉಪ್ಪುಕಾಗದ ಹಾಕಬೇಡಿ, ಹೊಸ ಪಾಲಿಶ್ ಬೇಡ ಎಂದು ಬಾಯಿಬಿಟ್ಟು ಹೇಳಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಗಾಳಿಯಾಡುವ ಬೀರುವಿನಲ್ಲಿ, ಬೀಗ ಹಾಕಿ, ತೋಟಾಗಳನ್ನು ಬೇರೆ ಬೀಗದೊಳಗೆ ಇಡಿ. ತಿಂಗಳಿಗೊಮ್ಮೆ ನಳಿಕೆಗೆ ಒಂದು ಒಣ ಚಿಂದಿ, ಒಂದು ಎಣ್ಣೆ ಚಿಂದಿ ಹಾಯಿಸಿದರೆ ಸಾಕು.